ಸವೆದ ಮಂಡಿ, ಏರುವ ಭಾರ

ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಮೈ ಬಲಪಡಿಸಿಕೊಳ್ಳುವ ಪದ್ಧತಿ ಇವತ್ತು ಜಿಮ್ಮಿಗೆ ಹೋಗುವ ಹುಡುಗರ ಸ್ವತ್ತು ಎಂಬಂತೆ ಕಾಣುತ್ತದೆ. ಅದಕ್ಕೊಂದು ಲೆಕ್ಕ, ಒಂದು ಹೆಸರು, ವೈದ್ಯರ ಒಪ್ಪಿಗೆ ಸಿಕ್ಕಿದ್ದು ಮಾತ್ರ ಕೆಟ್ಟ ಮಂಡಿಗಳ ದೆಸೆಯಿಂದ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಶಿಕಾಗೋದ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ, ಮಂಡಿಗೆ ಪೆಟ್ಟಾಗಿ ಮಲಗಿದ್ದ ಸೈನಿಕರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ ಅದು ಶುರುವಾಯಿತು. ಅಲ್ಲಿಂದ ಆರೋಗ್ಯವಂತ ಯುವಕರ ಕೈಗೆ ಹೋಗಿ, ಸುಮಾರು ಅರ್ಧ ಶತಮಾನ ಕಳೆದ ಮೇಲೆ ಅರವತ್ತು, ಎಪ್ಪತ್ತು, ತೊಂಬತ್ತು ದಾಟಿದವರ ಬಳಿಗೆ ಮರಳಿ ಬಂತು. ಈ ಓಡಾಟದಲ್ಲಿ ಮೂಲ ತತ್ತ್ವ ಹೆಚ್ಚು ಕದಲಲಿಲ್ಲ. ಕದಲಿದ್ದು ಮೆಟ್ಟಿಲಿನ ಎತ್ತರ: ಒಂದು ಸಲಕ್ಕೆ ಎಷ್ಟು ಏರಿಸಬೇಕು, ತೂಕವನ್ನೇ ಏರಿಸಬೇಕೋ ಬೇರೇನನ್ನಾದರೂ ಏರಿಸಬಹುದೋ ಎಂಬ ಲೆಕ್ಕ.

ವ್ಯಾಯಾಮದ ಪುಸ್ತಕಗಳು ಈ ಚರಿತ್ರೆಯನ್ನು ಸಾಮಾನ್ಯವಾಗಿ ಮಿಲೋನಿಂದ ಆರಂಭಿಸುತ್ತವೆ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ, ಇಂದಿನ ದಕ್ಷಿಣ ಇಟಲಿಯಲ್ಲಿದ್ದ ಗ್ರೀಕ್ ಪಟ್ಟಣ ಕ್ರೋಟನ್ನಿನ ಈ ಜಟ್ಟಿ ಎಳೆಗರುವೊಂದನ್ನು ದಿನಾ ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದು ಹೋರಿಯಾದಾಗಲೂ ಹೊರಬಲ್ಲವನಾಗಿದ್ದನಂತೆ. ಕಥೆ ಚೆನ್ನಾಗಿದೆ, ಲೆಕ್ಕ ಕೂಡುವುದಿಲ್ಲ. ಕರು ದಿನಕ್ಕೆ ಅರ್ಧ ಕಿಲೋ ಬೆಳೆಯಿತು ಎಂದರೂ ವರ್ಷಕ್ಕೆ 180 ಕಿಲೋ ಆಗುತ್ತದೆ. ಆ ವೇಗದಲ್ಲಿ ಬಲ ಕೂಡಿಸಿಕೊಳ್ಳುವ ತೋಳು ಯಾರಿಗೂ ಇಲ್ಲ. ಮಿಲೋನ ಬಗ್ಗೆ ಇನ್ನೊಂದು ಕಥೆಯಿದೆ, ಅದನ್ನು ಜಿಮ್ಮುಗಳಲ್ಲಿ ಯಾರೂ ಹೇಳುವುದಿಲ್ಲ. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಮುಪ್ಪಿನ ಕುರಿತು ಬರೆದ ಪುಸ್ತಕದಲ್ಲಿ ಮುದುಕನಾದ ಮಿಲೋ ಬರುತ್ತಾನೆ. ಮೈದಾನದಲ್ಲಿ ಹುಡುಗರು ಸಾಮು ಮಾಡುವುದನ್ನು ನೋಡುತ್ತ, ತನ್ನ ತೋಳುಗಳ ಕಡೆ ಕಣ್ಣು ಹಾಯಿಸಿ, ಇವು ಸತ್ತುಹೋದವಲ್ಲ ಎಂದು ಅತ್ತನಂತೆ. ಸಿಸೆರೊನಿಗೆ ಅವನ ಮೇಲೆ ಕನಿಕರವಿಲ್ಲ. ಇದಕ್ಕಿಂತ ತುಚ್ಛವಾದ ಮಾತುಂಟೇ ಎಂದು ಗದರುತ್ತಾನೆ. ಮುದಿ ತೋಳಿಗೆ ಮತ್ತೆ ಕರುವನ್ನು ಹೊರಿಸಬಹುದೇ ಎಂಬ ಪ್ರಶ್ನೆ ಮಾತ್ರ ಅವನಿಗೂ ಹೊಳೆಯಲಿಲ್ಲ, ಅವನ ನಂತರದ ಸುಮಾರು ಎರಡು ಸಾವಿರ ವರ್ಷ ಬೇರೆಯವರಿಗೂ ಹೊಳೆಯಲಿಲ್ಲ.

ಭಾರವನ್ನು ಹಂತಹಂತವಾಗಿ ಇಟ್ಟುಕೊಳ್ಳುವ ರೂಢಿ ನಮ್ಮ ಗರಡಿಗಳಲ್ಲೂ ಹಳೆಯದೇ. ಬೇರೆಬೇರೆ ತೂಕದ ಗುಂಡುಕಲ್ಲು, ಗದೆ, ಮುದ್ಗರಗಳಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಕೈ ಬದಲಿಸುವುದೇ ಅಲ್ಲಿಯ ಏರಿಕೆ. ಈ ಮುದ್ಗರವನ್ನು ಭಾರತದಲ್ಲಿದ್ದ ಬ್ರಿಟಿಷ್ ಸೇನೆಯವರು ಮೆಚ್ಚಿ ಊರಿಗೆ ಒಯ್ದರು. 1830ರ ದಶಕದಲ್ಲಿ ಡೊನಾಲ್ಡ್ ವಾಕರ್ ಎಂಬ ಲೇಖಕ ಅದನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ. ಹೆಂಗಸರಿಗೆಂದು ಬರೆದ ಇನ್ನೊಂದು ಪುಸ್ತಕದಲ್ಲಿ ಅದನ್ನೇ ರಾಜದಂಡದಂಥ ತೆಳು ಕೋಲಾಗಿ ಇಳಿಸಿದ. 1860ರ ದಶಕದಲ್ಲಿ ನ್ಯೂಯಾರ್ಕಿನ ಸಿಮ್ ಕೀಹೋ ಅದೇ ಮುದ್ಗರವನ್ನು ಮಾರಾಟದ ಸರಕು ಮಾಡಿದ. ಕಡಲಾಚೆಯ ಶಾಲೆ, ಬ್ಯಾರಕ್ಕುಗಳಿಗೆ ಹೊಕ್ಕ ಮುದ್ಗರ ಬಹುಮಟ್ಟಿಗೆ ಒಂದೆರಡು ಪೌಂಡಿನ ಆಟಿಕೆಯಂಥದು. ಪೈಲ್ವಾನರ ಮರದ ಬೊಡ್ಡೆಯ ಗಾತ್ರ ಅದಕ್ಕಿರಲಿಲ್ಲ. ಭುಜದ ಬಿಗಿತಕ್ಕೆ ಅದರಿಂದ ಉಪಕಾರವಾಯಿತು, ಬಲಕ್ಕೆ ಅಷ್ಟಾಗಿ ಆಗಲಿಲ್ಲ. ಭಾರವನ್ನು ಇಳಿಸಿದವರು ಏರಿಕೆಯನ್ನೂ ಕೈಬಿಟ್ಟಿದ್ದರು. ಮುದುಕರಿಗೆ ವ್ಯಾಯಾಮ ಹೇಳಿಕೊಡುವವರು ಮುಂದೆ ಬಹಳ ಕಾಲ ಮಾಡಿದ ತಪ್ಪು ಇದೇ.

ಅಳತೆಯಿಟ್ಟು ಏರಿಸುವ ಕೆಲಸವನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡವನು ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರ್. 1865ರಲ್ಲಿ ಸ್ಟಾಕ್‌ಹೋಮಿನಲ್ಲಿ ಆತ ತೆರೆದ ಸಂಸ್ಥೆಯಲ್ಲಿ 27 ಯಂತ್ರಗಳಿದ್ದವು. ಒಂದೊಂದು ಯಂತ್ರವೂ ಒಂದೊಂದು ಕೀಲಿಗೆ. ಉದ್ದನೆಯ ಸನ್ನೆಗೋಲು, ಅದರ ಮೇಲೆ ಗೀಟು ಹಾಕಿದ ಅಳತೆ, ಗೀಟಿನ ಮೇಲೆ ಹಿಂದೆ ಮುಂದೆ ಜಾರುವ ತೂಕದ ಗುಂಡು: ತಕ್ಕಡಿಕೋಲನ್ನು ಬಲ್ಲವರಿಗೆ ಇದರ ಮರ್ಮ ತಟ್ಟನೆ ತಿಳಿಯುತ್ತದೆ. ಗುಂಡನ್ನು ಒಂದು ಗೀಟು ಆಚೆಗೆ ಸರಿಸಿದರೆ ಭಾರ ಒಂದು ಗೀಟಿನಷ್ಟೇ ಕೂಡಿತು. ಕೀಲು ಮಡಿಸಿದಾಗ ಬಲ ಒಂದು, ಚಾಚಿದಾಗ ಇನ್ನೊಂದು ಎಂಬುದನ್ನೂ ಜಾಂಡರ್ ಗಮನಿಸಿ, ಭಾರವೂ ಅದಕ್ಕೆ ಹೊಂದಿ ಬದಲಾಗುವಂತೆ ಸನ್ನೆಯನ್ನು ಜೋಡಿಸಿದ್ದ. ಆ ಕಾಲದ ಫೋಟೋಗಳಲ್ಲಿ ಕೋಟು, ಟೈ ಹಾಕಿದ ನಡುವಯಸ್ಸಿನ ಗಂಡಸರು, ಪಾದದವರೆಗೆ ಇಳಿಬಿದ್ದ ಲಂಗದ ಹೆಂಗಸರು ಬೆವರಿಲ್ಲದ ಮುಖ ಹೊತ್ತು ಈ ಯಂತ್ರಗಳ ಮೇಲೆ ಕೂತಿದ್ದಾರೆ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಯಂತ್ರಗಳಿಗೆ ಚಿನ್ನದ ಪದಕ ಬಂತು, ಯುರೋಪಿನ ಮತ್ತು ಅಮೆರಿಕದ ಸ್ನಾನಚಿಕಿತ್ಸೆಯ ತಾಣಗಳಲ್ಲಿ, ಆಸ್ಪತ್ರೆಗಳಲ್ಲಿ ಅವು ನೆಲೆಯಾದವು. ಆದರೆ ಬೆಲೆ ವಿಪರೀತ, ಜಾಗವೂ ವಿಪರೀತ. ಮೊದಲ ಮಹಾಯುದ್ಧ ಮುಗಿದ ಮೇಲೆ ಅವು ಮೂಲೆ ಸೇರಿದವು.

ಅಗ್ಗದ ದಾರಿ ಅಮೆರಿಕದಲ್ಲಿ ಆಗಲೇ ತೆರೆದಿತ್ತು. ಫಿಲಡೆಲ್ಫಿಯಾದ ಆಲನ್ ಕ್ಯಾಲ್ವರ್ಟ್ 1902ರಲ್ಲಿ ಮಿಲೋನ ಹೆಸರಿನಲ್ಲೇ ಬಾರ್‌ಬೆಲ್ ಕಂಪನಿ ತೆರೆದು, ತೂಕ ಹೆಚ್ಚು ಕಡಿಮೆ ಮಾಡಬಹುದಾದ ಬಾರ್‌ಗಳನ್ನು ಅಂಚೆಯಲ್ಲಿ ಮನೆಮನೆಗೆ ಕಳಿಸತೊಡಗಿದ. ಟೊಳ್ಳು ಗುಂಡುಗಳೊಳಗೆ ಸೀಸದ ಚೂರು ತುಂಬುವ ಬಾರ್ ಮೊದಲು; ಬಿಲ್ಲೆಗಳನ್ನು ಸೇರಿಸುವ ಬಾರ್ ಆಮೇಲೆ. ಜೊತೆಗೆ ಕಳಿಸುತ್ತಿದ್ದ ಪಾಠದಲ್ಲಿ ಒಂದು ಸರಳ ಉಪಾಯವಿತ್ತು. ಒಂದು ತೂಕವನ್ನು ಮೊದಲು ಕೆಲವೇ ಸಲ ಎತ್ತಬೇಕು, ದಿನ ಕಳೆದಂತೆ ಸಲಗಳನ್ನು ಹೆಚ್ಚಿಸಬೇಕು, ಗೊತ್ತುಮಾಡಿದ ಸಂಖ್ಯೆ ಮುಟ್ಟಿದ ಮೇಲಷ್ಟೇ ತೂಕ ಏರಿಸಿ ಸಲಗಳನ್ನು ಮತ್ತೆ ಇಳಿಸಬೇಕು. ಇದಕ್ಕೆ ಜೋಡಿ ಏರಿಕೆ ಎಂದು ಹೆಸರಾಯಿತು. ನೂರು ವರ್ಷದ ಮೇಲೆ, ಮಂಡಿ ಸವೆದವರಿಗೆ ಇಷ್ಟು ಹೊಂದುವ ಇನ್ನೊಂದು ನಿಯಮ ಹುಡುಕಿದರೂ ಸಿಗಲಿಲ್ಲ ಎನ್ನಬಹುದು.

ವೈದ್ಯರು ಇದನ್ನು ಹತ್ತಿರ ಸೇರಿಸಲಿಲ್ಲ. ಭಾರ ಎತ್ತಿದರೆ ಮೈ ಬಿಗಿದುಹೋಗುತ್ತದೆ, ಹೃದಯ ಹಿಗ್ಗುತ್ತದೆ ಎಂಬ ಭಯ 20ನೇ ಶತಮಾನದ ನಡುವಿನವರೆಗೂ ಪಾಠಪುಸ್ತಕಗಳಲ್ಲಿತ್ತು. ಮಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಪೀಟರ್ ಕಾರ್ಪೊವಿಚ್ ಕೂಡ ಅದನ್ನು ನಂಬಿದ್ದವರೇ. ಕೊನೆಗೆ ಜೋರ್ಬಸ್ ಎಂಬ ವಿದ್ಯಾರ್ಥಿಯೊಡನೆ 600 ಗಂಡಸರ ತೋಳಿನ ವೇಗ ಅಳೆದು ನೋಡಿದಾಗ ಭಾರ ಎತ್ತುವವರೇ ಚುರುಕಾಗಿದ್ದರು. 1951ರಲ್ಲಿ ಅದನ್ನು ಪ್ರಕಟಿಸಿದರು. ಬೆಂಗಳೂರಿನಲ್ಲಿ ಈ ವಾದ ಮುಗಿಯಲು ಯಾರೂ ಕಾದಿರಲಿಲ್ಲ. ಕನ್ನಡಿಗರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ನೆನೆಯುವ ಕೆ.ವಿ. ಅಯ್ಯರ್ ತಮ್ಮ ಹರ್ಕ್ಯುಲಿಸ್ ಜಿಮ್ನಾಷಿಯಂನಲ್ಲಿ ಬಾರ್‌ಬೆಲ್ಲನ್ನೂ ಆಸನವನ್ನೂ ಒಟ್ಟಿಗೆ ಕಲಿಸುತ್ತಿದ್ದರು, ಅಂಚೆ ಮೂಲಕ ಪಾಠ ಕಳಿಸುತ್ತಿದ್ದರು, 1930ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ತಂದರು. ಬಲ ಬೇಕು, ಕೀಲು ಸಡಿಲವಾಗಿಯೂ ಇರಬೇಕು ಎಂಬ ಅವರ ಜೋಡಣೆಯನ್ನು ಇಂದಿನ ಹಿರಿಯರ ವ್ಯಾಯಾಮಶಾಲೆಗಳು ಹೊಸದೆಂಬಂತೆ ಹೇಳುತ್ತಿವೆ.

ಇನ್ನು ಕಬ್ಬಿಣದ ಬೂಟಿನ ಕಥೆ. ಥಾಮಸ್ ಡಿಲಾರ್ಮ್ 1917ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು; ಇನ್ನು ಮೈ ದಂಡಿಸುವ ಮಾತೇ ಬೇಡ ಎಂದು ವೈದ್ಯರು ಹೇಳಿಬಿಟ್ಟರು. ಮಲಗಿದಲ್ಲೇ ಭಾರ ಎತ್ತುವವರ ಪತ್ರಿಕೆ ಓದಿದ ಹುಡುಗ, ಎದ್ದ ಮೇಲೆ ಗುಜರಿ ಸಾಮಾನಿನಿಂದಲೇ ಬಾರ್‌ಬೆಲ್ ಮಾಡಿಕೊಂಡು ಮೈ ಕಟ್ಟಿಕೊಂಡ, ಆಮೇಲೆ ವೈದ್ಯಕೀಯ ಓದಿದ. ಸೇನೆ ಸೇರಿ 1944ರ ಹೊತ್ತಿಗೆ ಶಿಕಾಗೋದ ಗಾರ್ಡಿನರ್ ಜನರಲ್ ಆಸ್ಪತ್ರೆಗೆ ಬಂದರು. ಅದು ಮಿಷಿಗನ್ ಸರೋವರದ ದಡದಲ್ಲಿದ್ದ ಹೋಟೆಲ್, ಯುದ್ಧಕಾಲಕ್ಕೆಂದು ಆಸ್ಪತ್ರೆಯಾಗಿತ್ತು.

ಅಲ್ಲಿಯ ಮೂಳೆ ವಿಭಾಗದಲ್ಲಿ ಹಾಸಿಗೆ ಖಾಲಿಯಾಗುತ್ತಿರಲಿಲ್ಲ. ಮಂಡಿಯ ಆಪರೇಷನ್ ಸರಿಯಾಗಿಯೇ ಆಗಿರುತ್ತಿತ್ತು, ಗಾಯ ಮಾಯ್ದಿರುತ್ತಿತ್ತು. ತೊಡೆ ಮಾತ್ರ ಕೋಲಿನಂತೆ ಸೊರಗಿರುತ್ತಿತ್ತು, ಕಾಲು ಊರಿದರೆ ಮಂಡಿ ಕುಸಿಯುತ್ತಿತ್ತು. ಆಗಿನ ಚಿಕಿತ್ಸೆಯೆಂದರೆ ಹಗುರ ಭಾರವನ್ನು ಲೆಕ್ಕವಿಲ್ಲದಷ್ಟು ಸಲ ಆಡಿಸುವುದು, ನಿಂತಲ್ಲೇ ಸೈಕಲ್ ತುಳಿಯುವುದು. ಡಿಲಾರ್ಮ್ ತಾವು ಹುಡುಗನಾಗಿದ್ದಾಗ ಮಾಡಿದ್ದನ್ನೇ ಇಲ್ಲಿ ಮಾಡಿದರು. ರೋಗಿಯನ್ನು ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸುವುದು. ಪಾದಕ್ಕೆ ಕಬ್ಬಿಣದ ಅಟ್ಟೆಯ ಬೂಟನ್ನು ಪಟ್ಟಿಯಿಂದ ಬಿಗಿಯುವುದು, ಅಟ್ಟೆಗೆ ಅಡ್ಡವಾಗಿ ಚಿಕ್ಕದೊಂದು ಸರಳು, ಸರಳಿನ ಎರಡೂ ತುದಿಗೆ ಬಿಲ್ಲೆಗಳು. ಮಂಡಿಯನ್ನು ಪೂರ್ತಿ ನೆಟ್ಟಗಾಗುವವರೆಗೆ ಎತ್ತುವುದು, ನಿಧಾನವಾಗಿ ಇಳಿಸುವುದು. ನಿಂತು ಕಾಲಿನ ಮೇಲೆ ಮೈಭಾರ ಹಾಕುವ ಕಷ್ಟವಿಲ್ಲದೆ ತೊಡೆಯ ಮುಂಭಾಗದ ಸ್ನಾಯುವೊಂದಕ್ಕೇ ಕೆಲಸ ಸಿಗುತ್ತಿತ್ತು.

ಬೂಟಿಗಿಂತ ಮುಖ್ಯವಾದದ್ದು ಅದರ ಜೊತೆಗಿದ್ದ ಲೆಕ್ಕ. ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಆಗದ ಭಾರ ಯಾವುದೋ ಅದನ್ನು ರೋಗಿಯ ಅಳತೆಗೋಲು ಮಾಡಿಕೊಂಡರು. ವಾರಕ್ಕೊಮ್ಮೆ ಆ ಅಳತೆಯನ್ನು ಹೊಸದಾಗಿ ತೆಗೆಯುವುದು, ಬಂದ ಭಾರದಲ್ಲಿ ಮುಂದಿನ ವಾರದ ಕೆಲಸ. ಪಕ್ಕದ ಹಾಸಿಗೆಯವನು ಎಷ್ಟು ಎತ್ತುತ್ತಾನೆ ಎಂಬುದಕ್ಕೆ ಇಲ್ಲಿ ಜಾಗವೇ ಇರಲಿಲ್ಲ. ನಿನ್ನೆಯ ತನ್ನ ಕಾಲೇ ಇವತ್ತಿನ ಕಾಲಿಗೆ ಹೋಲಿಕೆ. 1945ರಲ್ಲಿ ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸೆಯ ಪ್ರಮುಖ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಆಗ ಒಂದು ಹೊತ್ತಿಗೆ 70ರಿಂದ 100 ಸಲ ಎತ್ತಿಸುತ್ತಿದ್ದರು. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆ ಬರೆದ ಲೇಖನದಲ್ಲಿ ಅದು ಹತ್ತರ ಮೂರು ಸುತ್ತಿಗೆ ಇಳಿಯಿತು: ಮೊದಲ ಸುತ್ತು ಅಳತೆಯ ಅರ್ಧ ಭಾರದಲ್ಲಿ, ಎರಡನೆಯದು ಮುಕ್ಕಾಲಿನಲ್ಲಿ, ಮೂರನೆಯದು ಪೂರ್ತಿ ಭಾರದಲ್ಲಿ. ಮೊದಲಿಗೆ ‘ಭಾರಿ ಪ್ರತಿರೋಧದ ವ್ಯಾಯಾಮ’ ಎಂದಿದ್ದ ಹೆಸರನ್ನೂ ‘ಏರುವ ಪ್ರತಿರೋಧದ ವ್ಯಾಯಾಮ’ ಎಂದು ಬದಲಿಸಿದರು. ಭಾರಿ ಎಂಬ ಮಾತು ಕೇಳಿ ಬೆದರುವವರು ಏರುವ ಎಂಬುದಕ್ಕೆ ಬೆದರುವುದಿಲ್ಲ; ಹೆಸರಿನ ಈ ಸಣ್ಣ ಜಾಣತನ ಪದ್ಧತಿಯನ್ನು ಎಷ್ಟೋ ಆಸ್ಪತ್ರೆಗಳ ಬಾಗಿಲು ದಾಟಿಸಿರಬೇಕು.

ಡಿಲಾರ್ಮ್ ಮಾಡಿದ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ, ಈ ಚರಿತ್ರೆಗೆ ಮಾತ್ರ ಅದೇ ತಿರುವು. ಯುದ್ಧದ ನಂತರ ಪೋಲಿಯೋ ರೋಗಿಗಳು ಬಂದರು. ಅವರಲ್ಲಿ ಕೆಲವರಿಗೆ ಬರಿಗಾಲನ್ನೇ ಎತ್ತಲಾಗುತ್ತಿರಲಿಲ್ಲ, ಬೂಟು ಕಟ್ಟುವುದು ದೂರದ ಮಾತು. ಅಂಥವರ ಕಾಲಿಗೆ ಹಗ್ಗ ಕಟ್ಟಿ, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ತೂಕ ತೂಗುಬಿಟ್ಟರು. ಬಾವಿಯ ರಾಟೆಯಲ್ಲಿ ಎದುರು ತೂಕ ಕಟ್ಟಿದಂತೆ, ಆ ತೂಕ ಕಾಲನ್ನು ಮೇಲೆತ್ತಲು ನೆರವಾಗುತ್ತಿತ್ತು. ವಾರ ಕಳೆದಂತೆ ನೆರವಿನ ತೂಕವನ್ನು ತೆಗೆಯುತ್ತ ಬಂದರು. ಇಲ್ಲಿ ತೂಕ ಇಳಿಯುತ್ತದೆ, ಆದರೂ ಅದು ಏರಿಕೆಯೇ. ಮಂಡಿ ಸವೆದು ಕುರ್ಚಿಯಿಂದ ಏಳಲಾಗದ ಎಪ್ಪತ್ತರವರಿಗೆ ಇವತ್ತು ಹೇಳಿಕೊಡುವ ಹೆಚ್ಚಿನ ಉಪಾಯಗಳು ಈ ರಾಟೆಯ ಸಂತಾನ.

1951ರಲ್ಲಿ ಆಕ್ಸ್‌ಫರ್ಡಿನ ಜಿನೊವಿಯೆಫ್ ಎಂಬ ವೈದ್ಯರು ಡಿಲಾರ್ಮ್‌ರ ಮೂರು ಸುತ್ತಿನ ಕ್ರಮವನ್ನು ತಲೆಕೆಳಗು ಮಾಡಿದರು. ಮೊದಲ ಸುತ್ತುಗಳಲ್ಲೇ ದಣಿದ ರೋಗಿಗೆ ಕೊನೆಯ ಭಾರದ ಸುತ್ತು ಮುಗಿಸಲಾಗದು ಎಂಬುದು ಅವರ ಅನುಭವ. ಹಾಗಾಗಿ ಪೂರ್ತಿ ಭಾರದಿಂದ ಹೊರಟು ಒಂದೊಂದು ಸುತ್ತಿಗೂ ಸ್ವಲ್ಪ ಇಳಿಸುತ್ತ ಬಂದರು. 1954ರಲ್ಲಿ ಮ್ಯಾಕ್ವೀನ್ ಇನ್ನೊಂದು ಕ್ರಮ ತಂದರು. ಕರ್ನಾಟಕದ ಫಿಸಿಯೋಥೆರಪಿ ಕಾಲೇಜುಗಳ ವಿದ್ಯಾರ್ಥಿಗಳು ಈ ಮೂರನ್ನೂ ಇಂದಿಗೂ ಪರೀಕ್ಷೆಗೆ ಓದುತ್ತಾರೆ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಕಾಣುವ ಕ್ವಾಡ್ರಿಸೆಪ್ಸ್ ಟೇಬಲ್, ಅಂದರೆ ಎತ್ತರದ ರೆಕ್ಸಿನ್ ಮೇಜು, ಕಣಕಾಲಿಗೆ ತಾಗುವ ಸರಳು, ಸರಳಿಗೆ ತೂಗುವ ಬಿಲ್ಲೆ, ಕಬ್ಬಿಣದ ಬೂಟಿನ ಮೊಮ್ಮಗ. ಬೂಟು ಹೋಗಿ ಮರಳುಚೀಲ ಬಂತು, ಮರಳುಚೀಲ ಹೋಗಿ ವೆಲ್ಕ್ರೋ ಪಟ್ಟಿಯ ವೇಟ್ ಕಫ್ ಬಂತು. ಬಿಟ್ಟುಹೋದದ್ದು ವಾರಕ್ಕೊಮ್ಮೆ ಅಳತೆ ತೆಗೆಯುವ ಪದ್ಧತಿ. ಒಂದು ಕಿಲೋ ಕಫ್ ಕಟ್ಟಿಕೊಂಡು ಬಂದ ಅಜ್ಜಿ ಮೂರು ತಿಂಗಳಾದರೂ ಅದೇ ಒಂದು ಕಿಲೋದಲ್ಲಿ ಇದ್ದರೆ ಅಲ್ಲಿ ಡಿಲಾರ್ಮ್ ಇಲ್ಲ, ಕಫ್ ಮಾತ್ರ ಇದೆ.

ಮುಂದಿನ ಎರಡು ದಶಕ ಪದ್ಧತಿ ಯುವಕರದಾಯಿತು. 1970ರಲ್ಲಿ ಆರ್ಥರ್ ಜೋನ್ಸ್ ಫ್ಲಾರಿಡಾದಿಂದ ನಾಟಿಲಸ್ ಯಂತ್ರಗಳನ್ನು ಮಾರತೊಡಗಿದರು. ಅವುಗಳ ಶಂಖದಾಕಾರದ ಗಾಲಿ ಕೀಲಿನ ಕೋನಕ್ಕೆ ತಕ್ಕಂತೆ ಭಾರ ಬದಲಿಸುತ್ತಿತ್ತು; ಜಾಂಡರ್ ನೂರು ವರ್ಷ ಹಿಂದೆ ಮಾಡಿದ್ದು ಬೇರೆ ವೇಷದಲ್ಲಿ ಬಂದಂತೆ. ಜಿಮ್ಮಿನ ಯಂತ್ರಗಳಲ್ಲಿ ಸಮಸ್ಯೆ ಇದ್ದದ್ದು ತೂಕದ ಗಟ್ಟಿಗಳಲ್ಲಿ. ಒಂದೊಂದು ಗಟ್ಟಿ ಐದು ಕಿಲೋ ಇದ್ದರೆ, 50 ಕಿಲೋ ಎತ್ತುವವನಿಗೆ ಮುಂದಿನ ಮೆಟ್ಟಿಲು ಹತ್ತನೇ ಒಂದು ಭಾಗ. 10 ಕಿಲೋ ಎತ್ತುವ ವೃದ್ಧೆಗೆ ಅದು ಅರ್ಧ ಭಾಗ. ಮೆಟ್ಟಿಲು ಹತ್ತಲಾಗದೆ ಆಕೆ ಅಲ್ಲೇ ನಿಲ್ಲುತ್ತಾಳೆ, ತನಗೆ ವಯಸ್ಸಾಯಿತು ಎಂದುಕೊಳ್ಳುತ್ತಾಳೆ. ತಪ್ಪು ಗಟ್ಟಿಯದು. ಎಪ್ಪತ್ತರ ದಶಕದ ಕೊನೆಗೆ ಬಂದ ಕೈಸರ್ ಯಂತ್ರಗಳು ಗಾಳಿಯ ಒತ್ತಡದಿಂದ ಕೆಲಸ ಮಾಡಿ, ಗುಂಡಿ ಒತ್ತಿದಷ್ಟೇ ಭಾರ ಏರಿಸುವಂತೆ ಆದಾಗ ಈ ಕಷ್ಟಕ್ಕೆ ಒಂದು ಪರಿಹಾರ ಸಿಕ್ಕಿತು.

ಅಷ್ಟರಲ್ಲಿ ಡಿಲಾರ್ಮ್‌ರ ಆ ಕೂತು ಕಾಲೆತ್ತುವ ವ್ಯಾಯಾಮಕ್ಕೇ ಕೆಟ್ಟ ಹೆಸರು ಬಂತು. ಮಂಡಿಚಿಪ್ಪಿನ ಹಿಂದೆ ಒತ್ತಡ ಹೆಚ್ಚುತ್ತದೆ, ಮಂಡಿಯೊಳಗಿನ ಅಡ್ಡಪಟ್ಟಿಯನ್ನು ಎಳೆಯುತ್ತದೆ ಎಂದು 1980ರ ದಶಕದಲ್ಲಿ ತಜ್ಞರು ಅದನ್ನು ದೂರಿ, ಪಾದ ನೆಲಕ್ಕೂರಿದ ಸ್ಕ್ವಾಟ್, ಅಂದರೆ ಬಸ್ಕಿ, ವಾಸಿ ಎಂದರು. ಅದಕ್ಕೂ ಹಿಂದೆ ಆಳವಾದ ಬಸ್ಕಿ ಮಂಡಿಗೆ ವಿಷ ಎಂದು ಹೇಳಿದವರಿದ್ದರು. ಎರಡು ವಾದಗಳ ಬಿಸಿ ಆರಿದ ಮೇಲೆ ಉಳಿದ ತಿಳಿವಳಿಕೆ ಸರಳವಾದದ್ದು: ಒಂದೇ ಕೀಲು, ಬೇರೆಬೇರೆ ಕೋನಗಳಲ್ಲಿ ಬೇರೆಬೇರೆ ಒತ್ತಡ, ನೋಯುವ ಕೋನವನ್ನು ಬಿಟ್ಟು ನೋಯದ ಕೋನಗಳಲ್ಲಿ ಭಾರ ಹೊರಿಸಬಹುದು.

ಇಷ್ಟೆಲ್ಲ ನಡೆಯುವಾಗ ವಯಸ್ಸಾದವರು ಲೆಕ್ಕದಲ್ಲೇ ಇರಲಿಲ್ಲ. 1980ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಟು ವಾರ ವ್ಯಾಯಾಮ ಮಾಡಿಸಿ ನೋಡಿ, ಮುದುಕರಿಗೆ ಬಲ ಬರುವುದು ನರಗಳ ಕಸುವಿನಿಂದ, ಸ್ನಾಯು ಬೆಳೆಯುವುದಿಲ್ಲ ಎಂದರು. ಅದನ್ನು ಅಲುಗಿಸಿದ್ದು ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು. 1988ರಲ್ಲಿ ವಾಲ್ಟರ್ ಫ್ರಾಂಟೆರಾ ಮತ್ತು ಸಂಗಡಿಗರು 60ರಿಂದ 72 ವಯಸ್ಸಿನ 12 ಗಂಡಸರಿಗೆ, ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರದ ಶೇ 80ರಲ್ಲಿ, ವಾರಕ್ಕೆ ಮೂರು ದಿನ, 12 ವಾರ ಕೆಲಸ ಕೊಟ್ಟರು. ಗರಿಷ್ಠ ಭಾರವನ್ನು ವಾರವಾರವೂ ಹೊಸದಾಗಿ ಅಳೆದರು, ಡಿಲಾರ್ಮ್ ಮಾಡಿದಂತೆ. ಮಂಡಿ ಚಾಚುವ ಬಲ ಎರಡು ಪಟ್ಟು ಮೀರಿತು; ಸ್ಕ್ಯಾನಿನಲ್ಲಿ ತೊಡೆಯ ಸ್ನಾಯು ಶೇ 11ರಷ್ಟು ದಪ್ಪವಾಗಿತ್ತು.

ಎರಡು ವರ್ಷದ ಮೇಲೆ ಮಾರಿಯಾ ಫಿಯಾಟರೋನ್ ಇನ್ನೂ ಮುಂದೆ ಹೋದರು. ಬಾಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಿಂದ ಹತ್ತು ಮಂದಿ, ಸರಾಸರಿ ವಯಸ್ಸು 90. ಊರುಗೋಲು ಹಿಡಿದವರು, ಒಂದಲ್ಲ ಒಂದು ಹಳೆಯ ಕಾಯಿಲೆ ಹೊತ್ತವರು. ಮೊದಲ ವಾರ ಗರಿಷ್ಠ ಭಾರದ ಅರ್ಧದಲ್ಲಿ, ಎರಡನೆಯ ವಾರಕ್ಕೆ ಶೇ 80ರಲ್ಲಿ. ಒಂದೊಂದು ಸಲಕ್ಕೂ ಆರರಿಂದ ಒಂಬತ್ತು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಎತ್ತಿ ಇಳಿಸುವುದು. ಎಂಟರ ಮೂರು ಸುತ್ತು. ಎಂಟು ವಾರ ಮುಗಿದಾಗ ಒಂಬತ್ತು ಮಂದಿ ಉಳಿದಿದ್ದರು, ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತ್ತು. ಇಬ್ಬರು ಊರುಗೋಲು ಬಿಟ್ಟು ನಡೆದರು. ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಲ ಶೇ 32ರಷ್ಟು ಇಳಿಯಿತು ಎಂಬುದನ್ನೂ ಅದೇ ಲೇಖನ ಹೇಳುತ್ತದೆ. ಉತ್ಸಾಹದಿಂದ ಉಲ್ಲೇಖಿಸುವವರು ಆ ಸಾಲನ್ನು ಬಿಡುತ್ತಾರೆ. 1994ರಲ್ಲಿ ಅವರು ನೂರು ಮಂದಿಯ ಮೇಲೆ, ಹತ್ತು ವಾರ, ಇದನ್ನೇ ಮಾಡಿದರು. ವ್ಯಾಯಾಮ ಮಾಡಿದವರ ಬಲ ಶೇ 113ರಷ್ಟು ಹೆಚ್ಚಿತು, ನಡಿಗೆ ಚುರುಕಾಯಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯವನ್ನಷ್ಟೇ ಕುಡಿದವರಿಗೆ ಏನೂ ಆಗಲಿಲ್ಲ. ವಯಸ್ಸಿಗೆ ಸ್ನಾಯು ಕರಗುವುದಕ್ಕೆ ಟಫ್ಟ್ಸ್‌ನ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಸಾರ್ಕೋಪೀನಿಯಾ ಎಂದು ಗ್ರೀಕ್ ಹೆಸರು ಕೊಟ್ಟರು, ಮಾಂಸದ ಬಡತನ ಎಂಬ ಅರ್ಥದಲ್ಲಿ. 2016ರಲ್ಲಿ ಅಮೆರಿಕದಲ್ಲಿ ಅದಕ್ಕೆ ರೋಗದ ಸಂಕೇತಸಂಖ್ಯೆಯೂ ಸಿಕ್ಕಿತು.

ಸ್ನಾಯುವಿನ ಮಾತು ತೀರಿತು. ಸವೆದ ಕೀಲಿನ ಮಾತು ಉಳಿಯಿತು. ಮಂಡಿ ಸವೆದವರು ಮಂಡಿಯನ್ನು ಕಾಪಾಡಿಕೊಳ್ಳಬೇಕು, ಕಾಪಾಡುವುದೆಂದರೆ ದುಡಿಸದಿರುವುದು ಎಂಬ ಬುದ್ಧಿವಾದ ಮನೆಮನೆಯಲ್ಲೂ ಇತ್ತು, ಕ್ಲಿನಿಕ್‌ಗಳಲ್ಲೂ ಇತ್ತು. 1997ರಲ್ಲಿ ಎಟಿಂಜರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಮಂಡಿ ಸವೆತದ 439 ಹಿರಿಯರು 18 ತಿಂಗಳು ಪಾಲ್ಗೊಂಡರು: ಕೆಲವರು ನಡೆದರು, ಕೆಲವರು ಭಾರ ಎತ್ತಿದರು, ಉಳಿದವರು ಆರೋಗ್ಯದ ಪಾಠ ಕೇಳಿದರು. ನಡೆದವರಿಗೂ ಎತ್ತಿದವರಿಗೂ ನೋವು ಸ್ವಲ್ಪ ತಗ್ಗಿತು, ಓಡಾಟ ಸ್ವಲ್ಪ ಸಲೀಸಾಯಿತು. ಎಕ್ಸ್‌ರೇಯಲ್ಲಿ ಗುಂಪು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಲಾಭ ಸಣ್ಣದು, ಆದರೆ ಭಾರ ಎತ್ತಿದ ಮಂಡಿ ಸವೆದು ಹಾಳಾಗುತ್ತದೆ ಎಂಬ ಹೆದರಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ.

ಎಷ್ಟರವರೆಗಿನ ನೋವಿನಲ್ಲಿ ಮುಂದುವರಿಯಬಹುದು ಎಂಬುದಕ್ಕೆ ಉತ್ತರ ಸ್ವೀಡನ್ನಿನಿಂದ ಬಂತು. ಶ್ರಮವನ್ನು ಸಂಖ್ಯೆಯಲ್ಲಿ ಹೇಳುವ ಅಭ್ಯಾಸವನ್ನು ಅಲ್ಲಿಯ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಅರವತ್ತರ ದಶಕದಿಂದಲೇ ಬೆಳೆಸಿದ್ದರು. 1997ರಲ್ಲಿ ರೋಲಾಂಡ್ ತೊಮೆ ನೋವಿಗೂ ಅಂಥ ಅಳತೆ ಬಳಸಿದರು. ಸೊನ್ನೆಯಿಂದ ಹತ್ತರ ಗೀಟಿನಲ್ಲಿ ಐದರವರೆಗಿನ ನೋವು ವ್ಯಾಯಾಮದ ಹೊತ್ತಿನಲ್ಲಿ ಆಗಬಹುದು. ಮರುದಿನ ಬೆಳಿಗ್ಗೆಗೆ ಅದು ತಣಿದಿರಬೇಕು. ವಾರದಿಂದ ವಾರಕ್ಕೆ ಏರಬಾರದು. 2013ರಲ್ಲಿ ಡೆನ್ಮಾರ್ಕಿನಲ್ಲಿ ಎವಾ ರೋಸ್ ಮತ್ತು ಸೊರೆನ್ ಸ್ಕೋ ಆರಂಭಿಸಿದ ಮಂಡಿ-ಸೊಂಟ ಸವೆತದವರ ತರಗತಿಗಳಲ್ಲೂ ನೋವಿಗೆ ಇಂಥದೇ ಗಡಿಗಳಿವೆ. ಹಿಂದಿನ ಯಾವ ಪುಸ್ತಕಕ್ಕಿಂತಲೂ ಈ ಬೆಳಗಿನ ಪರೀಕ್ಷೆ ಹಿರಿಯರಿಗೆ ಉಪಯೋಗಕ್ಕೆ ಬಂದಿದೆ: ಹಾಸಿಗೆಯಿಂದ ಎದ್ದು ಬಚ್ಚಲಿಗೆ ನಡೆಯುವ ಹತ್ತು ಹೆಜ್ಜೆಯಲ್ಲಿ ಮಂಡಿ ಕೊಡುವ ವರದಿಯೇ ಆ ದಿನದ ಭಾರವನ್ನು ಗೊತ್ತುಮಾಡುತ್ತದೆ.

ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜುವಿನ ನೋವಿಗೆ ಉಪಾಯ ಸಿಕ್ಕಿದ್ದು ಇನ್ನೂ ವಿಚಿತ್ರವಾಗಿ. ಸ್ವೀಡನ್ನಿನ ಉಮೆಯೊ ಪಟ್ಟಣದ ಮೂಳೆತಜ್ಞ ಹೋಕನ್ ಆಲ್ಫ್ರೆಡ್‌ಸನ್‌ಗೆ ಹಿಮ್ಮಡಿಯ ಮೇಲಿನ ರಜ್ಜು ನೋಯುತ್ತಿತ್ತು. ಆಪರೇಷನ್ನಿಗೆ ಮೇಲಧಿಕಾರಿ ಒಪ್ಪಲಿಲ್ಲ. ಹರಿದೇ ಹೋದರೆ ಆಗಲಾದರೂ ಮಾಡಿಯಾರು ಎಂದು ಭಾರ ಹೊರಿಸಿ ದಂಡಿಸಿದರಂತೆ. ಹರಿಯುವ ಬದಲು ವಾಸಿಯಾಯಿತು. 1998ರಲ್ಲಿ ಅವರು ಪ್ರಕಟಿಸಿದ ಕ್ರಮದಲ್ಲಿ ಮೆಟ್ಟಿಲಿನ ಅಂಚಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸಬೇಕು, ದಿನಕ್ಕೆ ಎರಡು ಹೊತ್ತು, 12 ವಾರ. ಸುಲಭವಾದಾಗ ಬೆನ್ನಿಗೆ ಭಾರದ ಚೀಲ. 2009ರಲ್ಲಿ ಡೆನ್ಮಾರ್ಕಿನ ಕಾಂಗ್ಸ್‌ಗಾರ್ಡ್ ತಂಡ ಮಂಡಿಚಿಪ್ಪಿನ ರಜ್ಜುವಿಗೆ ಭಾರವನ್ನೇ ಕೊಟ್ಟು, ಎತ್ತಲು ಮೂರು ಸೆಕೆಂಡು, ಇಳಿಸಲು ಮೂರು ಸೆಕೆಂಡು ಎಂದು ವೇಗವನ್ನು ಕಟ್ಟಿಹಾಕಿತು. ನಿಧಾನವೂ ಒಂದು ಭಾರವೇ ಎಂಬುದು ಹೀಗೆ ಪದ್ಧತಿಯೊಳಗೆ ಬಂತು.

ಜಪಾನಿನಲ್ಲಿ ಬೇರೆ ದಾರಿ. 1966ರಲ್ಲಿ ಬೌದ್ಧ ಶ್ರಾದ್ಧವೊಂದರಲ್ಲಿ ಬಹಳ ಹೊತ್ತು ಮೊಣಕಾಲೂರಿ ಕೂತಿದ್ದ ಯೋಶಿಯಾಕಿ ಸಾಟೋಗೆ, ಜೋಮು ಹಿಡಿದ ಮೀನಖಂಡ ಭಾರ ಎತ್ತಿದ ಮೇಲಿನ ಹಾಗೆಯೇ ಬಿಗಿದಿದೆ ಅನ್ನಿಸಿತಂತೆ. ತೊಡೆಗೆ, ತೋಳಿಗೆ ಪಟ್ಟಿ ಬಿಗಿದು ರಕ್ತದ ಹರಿವನ್ನು ಹತೋಟಿಯಲ್ಲಿಟ್ಟು ಹಗುರ ಭಾರ ಎತ್ತುವ ಕಾಟ್ಸು ವಿಧಾನ ಹುಟ್ಟಿದ್ದು ಹಾಗೆ. 2000ದಲ್ಲಿ ತಕರಾದ ಮತ್ತು ಸಂಗಡಿಗರು ನಡುವಯಸ್ಸು ದಾಟಿದ ಹೆಂಗಸರಲ್ಲಿ ಗರಿಷ್ಠ ಭಾರದ ಅರ್ಧವನ್ನೂ ಮೀರದೆ ತೋಳಿನ ಬಲ ಹೆಚ್ಚಿಸಿ ತೋರಿಸಿದರು. ಭಾರಿ ತೂಕವನ್ನು ಕೀಲು ತಡೆಯದವರಿಗೆ ಇದು ಉಪಯುಕ್ತ. ರಕ್ತನಾಳದ ತೊಂದರೆ ಇದ್ದವರು ತಮ್ಮಷ್ಟಕ್ಕೆ ಪಟ್ಟಿ ಬಿಗಿದುಕೊಳ್ಳುವಂತಿಲ್ಲ.

ಆಸ್ಪತ್ರೆಯ ಹೊರಗೆ, ಬಾರ್‌ಬೆಲ್ ಎತ್ತಿಯೇ ಮುಪ್ಪಿಗೆ ಬಂದವರು ತಮ್ಮ ರಿಪೇರಿಯನ್ನು ತಾವೇ ಮಾಡಿಕೊಂಡರು. ಬಿಲ್ ಸ್ಟಾರ್ 1976ರ ಪುಸ್ತಕದಿಂದ ಪ್ರಚಾರಕ್ಕೆ ತಂದ ಐದರ ಐದು ಸುತ್ತಿನ ಕ್ರಮ, 2005ರಲ್ಲಿ ಮಾರ್ಕ್ ರಿಪ್ಪಟೋ ಪುಸ್ತಕದಲ್ಲಿ ಬಂದ ಐದರ ಮೂರು ಸುತ್ತಿನ ಕ್ರಮ, ಎರಡರಲ್ಲೂ ಹುಡುಗನೊಬ್ಬ ವಾರಕ್ಕೆ ಮೂರು ದಿನ ಬಂದು ಬಾರ್‌ಗೆ ತೂಕ ಸೇರಿಸುತ್ತ ಹೋಗುತ್ತಾನೆ. ಜೊನಾಥನ್ ಸಲಿವನ್ ಮತ್ತು ಆ್ಯಂಡಿ ಬೇಕರ್ 2016ರಲ್ಲಿ ನಲವತ್ತು ದಾಟಿದವರಿಗೆಂದೇ ಬರೆದ ಪುಸ್ತಕ ಇದನ್ನು ಹಿಗ್ಗಿಸಿ ಕುಗ್ಗಿಸಿತು. ಅವರ ಅನುಭವದಲ್ಲಿ ಹಿರಿಯರ ಮೈ ತೂಕವನ್ನು ತಡೆದುಕೊಳ್ಳುತ್ತದೆ, ಬಹಳ ಸುತ್ತುಗಳನ್ನು ತಡೆದುಕೊಳ್ಳುವುದಿಲ್ಲ. ಹಾಗಾಗಿ ದಿನ ಕಡಿಮೆ, ಸುತ್ತು ಕಡಿಮೆ, ನಡುವೆ ವಿಶ್ರಾಂತಿ ಹೆಚ್ಚು, ಏರಿಕೆ ಚಿಕ್ಕದು.

ಆ ಚಿಕ್ಕ ಏರಿಕೆಗೆ ಬಿಲ್ಲೆಗಳೇ ಇರಲಿಲ್ಲ. ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಬಿಲ್ಲೆ 1.25 ಕಿಲೋ, ಎರಡೂ ಕಡೆಗೆ ಒಂದೊಂದು ಹಾಕಿದರೆ 2.5 ಕಿಲೋ. ತಲೆಯ ಮೇಲೆ 20 ಕಿಲೋ ಎತ್ತುವ ಹೆಂಗಸಿಗೆ ಅದು ಎಂಟನೇ ಒಂದು ಭಾಗದ ನೆಗೆತ. ಅರ್ಧ ಕಿಲೋದ ಬಿಲ್ಲೆಗಳು ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಇದ್ದವು, ವಿಶ್ವದಾಖಲೆ ಮುರಿಯಲಿಕ್ಕೆಂದು. ಸೈಪ್ರಸ್‌ನಿಂದ 1989ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿದ ಸ್ಟುವರ್ಟ್ ಮ್ಯಾಕ್‌ರಾಬರ್ಟ್, ಇಂಥ ಚಿಟಿಕೆ ಬಿಲ್ಲೆಗಳನ್ನು ಮುತ್ತುರತ್ನಗಳೆಂಬಂತೆ ಹೊಗಳಿ, ಸಾಮಾನ್ಯರ ಜಿಮ್ಮಿಗೂ ಅವು ಬೇಕೆಂದು ವರ್ಷಗಟ್ಟಲೆ ಬರೆದರು. ದಾಖಲೆ ಮುರಿಯುವವನಿಗೂ ಭುಜ ನೋಯುವವರಿಗೂ ಒಂದೇ ಬಿಲ್ಲೆ ಬೇಕಾಯಿತು ಎಂಬುದು ಸ್ವಾರಸ್ಯ. ಬಾರ್‌ಗಳೂ ಬದಲಾದವು. ಭುಜ ಹಿಂದಕ್ಕೆ ತಿರುಗದವರಿಗೆ, ಹೆಗಲ ಮೇಲೆ ಮೆತ್ತೆಯಿದ್ದು ಹಿಡಿಗಳು ಎದೆಯ ಮುಂದೆ ಬರುವ ನೊಗದಂಥ ಬಾರ್ ಬಂತು. ಸೊಂಟ ನೋವಿನಿಂದ ಬಳಲಿದ ಆಲ್ ಜೆರಾರ್ಡ್ 1980ರ ದಶಕದಲ್ಲಿ ಒಳಗೆ ನಿಂತು ಎತ್ತುವ ಚೌಕಟ್ಟಿನ ಬಾರ್ ತಂದರು. ಭಾರ ಮೈಯ ಮುಂದಿರದೆ ಪಕ್ಕಕ್ಕೆ ಬಂದು ಬೆನ್ನಿನ ಮೇಲಿನ ಎಳೆತ ಇಳಿಯಿತು. ಬಾಗಿ ಭಾರ ಎತ್ತುವ ಡೆಡ್‌ಲಿಫ್ಟಿನಲ್ಲಿ ಬಾರನ್ನು ನೆಲದ ಬದಲು ಮರದ ಹಲಗೆಗಳ ಮೇಲಿಟ್ಟು ಎತ್ತುವುದು, ಬಸ್ಕಿಯನ್ನು ಪೆಟ್ಟಿಗೆಯವರೆಗೆ ಮಾತ್ರ ಇಳಿಸುವುದು, ಹಲಗೆಯನ್ನೂ ಪೆಟ್ಟಿಗೆಯನ್ನೂ ತಿಂಗಳಿಗೊಂದು ಅಂಗುಲ ತಗ್ಗಿಸುವುದು: ಇಲ್ಲಿ ತೂಕ ಇದ್ದಷ್ಟೇ ಇದ್ದು ಆಳ ಏರುತ್ತದೆ.

ಭಾರಿ ತೂಕದ ಪರವಾದ ಬಲವಾದ ಸಾಕ್ಷಿ 2018ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ಮುಟ್ಟು ನಿಂತ, ಮೂಳೆ ತೆಳುವಾದ 101 ಹೆಂಗಸರಲ್ಲಿ ಅರ್ಧದಷ್ಟು ಮಂದಿ ಎಂಟು ತಿಂಗಳು, ವಾರಕ್ಕೆರಡು ದಿನ, ಅರ್ಧ ಗಂಟೆ, ಗರಿಷ್ಠದ ಶೇ 85 ಮೀರಿದ ಭಾರದಲ್ಲಿ ಡೆಡ್‌ಲಿಫ್ಟ್, ಸ್ಕ್ವಾಟ್ ಮಾಡಿದರು, ತಲೆಯ ಮೇಲಕ್ಕೆ ಭಾರ ಎತ್ತಿದರು. ಬೆನ್ನೆಲುಬಿನ ಸಾಂದ್ರತೆ ಶೇ 2.9ರಷ್ಟು ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ 1.2ರಷ್ಟು ಇಳಿಯಿತು. ತರಬೇತಿದಾರರು ಪಕ್ಕದಲ್ಲೇ ನಿಂತು, ಮೊದಲ ತಿಂಗಳು ಹಗುರ ಭಾರದಲ್ಲಿ ಚಲನೆ ಕಲಿಸಿದ್ದರು ಎಂಬುದನ್ನು ಮರೆಯುವಂತಿಲ್ಲ.

ಮಂಡಿಯ ವಿಷಯದಲ್ಲಿ ಅಂಥ ಗೆಲುವು ಸಿಗಲಿಲ್ಲ. 2021ರಲ್ಲಿ ಅಮೆರಿಕದ ಸ್ಟೀಫನ್ ಮೆಸ್ಸಿಯರ್ ತಂಡ ಮಂಡಿ ಸವೆತದ 377 ಮಂದಿಯನ್ನು 18 ತಿಂಗಳು ನೋಡಿತು. ಭಾರಿ ತೂಕ ಎತ್ತಿದವರು, ಹಗುರ ತೂಕ ಎತ್ತಿದವರು, ಆರೋಗ್ಯ ಕಾರ್ಯಾಗಾರಕ್ಕೆ ಬಂದವರು, ಮೂರೂ ಗುಂಪಿನ ಮಂಡಿನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೆಲವರು ಇದನ್ನು ಪದ್ಧತಿಯ ಸೋಲೆಂದು ಓದಿದರು. ಅಷ್ಟು ದೂರ ಹೋಗಬೇಕಿಲ್ಲ. ನೋವು ಕಳೆಯಲು ಭಾರಿ ತೂಕವೇ ಆಗಬೇಕೆಂಬ ಹಟಕ್ಕೆ ಅದು ಕಡಿವಾಣ ಹಾಕಿತು. ಹಗುರದಲ್ಲಿ ಶುರು ಮಾಡಿ ಅಲ್ಲೇ ಬಹಳ ದಿನ ಇರುವವರು ನೋವಿನ ಮಟ್ಟಿಗೆ ಏನನ್ನೂ ಕಳೆದುಕೊಳ್ಳುವುದಿಲ್ಲ.

ಹೀಗೆ ಇಂದು ಹಿರಿಯರ ತರಗತಿಯಲ್ಲಿ ಕಾಣುವ ಕ್ರಮದಲ್ಲಿ ಎಲ್ಲರ ಕೈಗುರುತೂ ಇದೆ. ಗೋಡೆಗೆ ಒತ್ತರಿಸಿಟ್ಟ ಕುರ್ಚಿ, ಅದರ ಮೇಲೆ ಮೂರು ದಿಂಬು. ಮೊದಲ ವಾರ ಕೈಯೂರಿ ಎದ್ದು ಕೂರುವುದು, ಐದು ಸಲ. ಎಂಟು ಸಲ ಆದಾಗ ಕೈ ಬಿಡುವುದು, ಮತ್ತೆ ಐದಕ್ಕೆ ಇಳಿಯುವುದು. ಎಂಟು ತುಂಬಿದಾಗ ಒಂದು ದಿಂಬು ತೆಗೆಯುವುದು. ಮಂಡಿ ಬೆಳಿಗ್ಗೆ ತಕರಾರು ಮಾಡಿದರೆ ದಿಂಬು ಮರಳುತ್ತದೆ. ಮೂರೂ ದಿಂಬು ಹೋದ ಮೇಲೆ ಇಳಿಯಲು ಮೂರು ಸೆಕೆಂಡು, ಆಮೇಲೆ ಐದು. ಎದೆಗೆ ಅವಚಿಕೊಳ್ಳಲು ಎರಡು ಕಿಲೋದ ಡಂಬೆಲ್ ಕೈಗೆ ಬರುವುದು ಅದಾದ ನಂತರ.